ಅಧ್ಯಾಯ ಕಿತ್ತವಳು, ಹಲ್ಲು ಕೀಳುವವನು

"ನಮ್ಮಜ್ಜಿಯನ್ನ ಕೊಂದವರು ನೀವೇನಾ?"

ಕೆಫೆಯ ಮೂಲೆಯಲ್ಲಿ ಕೂತಿದ್ದ ರಲಿತ್ಸಾ ಬೆಚ್ಚಿ ತಲೆಯೆತ್ತಿದಳು. ಎದುರಿಗೊಬ್ಬ ಎತ್ತರದ ಆಸಾಮಿ, ಕೈಯಲ್ಲಿ ಕಾಗದದ ಕಟ್ಟು, ಮುಖ ಕೆಂಡದಂತೆ ಕೆಂಪು! ಕೆಫೆಯಲ್ಲಿದ್ದವರೆಲ್ಲ ಇತ್ತಲೇ ತಿರುಗಿದರು.

"ಯಾ... ಯಾವ ಅಜ್ಜಿ?"

"ಮೂರನೇ ಅಧ್ಯಾಯದ ಅಜ್ಜಿ! ಇಡೀ ಅಧ್ಯಾಯಕ್ಕೇ ಗೀಟು ಎಳೆದಿದ್ದೀರಲ್ಲ!"

ಓಹ್... ಯವೋರ್! ಫೋನಿನಲ್ಲಿ ಅಷ್ಟು ಸಾಧುವಾಗಿ ಮಾತಾಡಿದ್ದ ಹಲ್ಲಿನ ಡಾಕ್ಟರು. ತನ್ನ ಮೊದಲ ಕಾದಂಬರಿಯನ್ನು ತಿದ್ದಲು ಕೊಟ್ಟಿದ್ದ.

"ಅಜ್ಜಿ ಒಳ್ಳೆಯವರೇ. ಆದ್ರೆ ಅವರು ಬಂದ ತಕ್ಷಣ ಕಥೆ ಮುಂದಕ್ಕೇ ಹೋಗಲ್ಲ. ನೀವು ಹುಳುಕು ಹಲ್ಲು ಕೀಳಲ್ವಾ? ಹಾಗೇ."

"ಕೀಳೋ ಮೊದಲು ಇಂಜೆಕ್ಷನ್ ಕೊಡ್ತೀನಿ ಮೇಡಂ!"

ರಲಿತ್ಸಾಗೆ ನಗು ತಡೆಯಲಾಗಲಿಲ್ಲ. ಅವನೂ ನಕ್ಕು, ಕುರ್ಚಿ ಎಳೆದು ಕೂತುಬಿಟ್ಟ.

ಪ್ಲೊವ್ದಿವ್‌ ಊರಿನಲ್ಲಿ ರಲಿತ್ಸಾ ಯಾರ ಕೈಕೆಳಗೂ ಇಲ್ಲದ ಸಂಪಾದಕಿ. ಫ್ರಿಜ್ ಜೊತೆ ಬರುವ ಕೈಪಿಡಿ ತಿದ್ದುವುದರಿಂದ ಶುರು ಮಾಡಿ, ಕಾದಂಬರಿಗಳವರೆಗೆ ಬಂದಿದ್ದಳು. ಬೆಳಗಿನ ಹೊತ್ತು ಮಾತ್ರ ಯಾರಿಗೂ ಕೊಡುತ್ತಿರಲಿಲ್ಲ... ಆಗ ತನ್ನದೇ ಕಾದಂಬರಿ ಬರೆಯುತ್ತಿದ್ದಳು.

"ಇದೂ ಒಂದು ಕೆಲಸಾನೇನೇ?" ಎನ್ನುತ್ತಿದ್ದಳು ಅಮ್ಮ. "ದಿನವಿಡೀ ಕಂಡವರ ತಪ್ಪು ಹುಡುಕೋದು! ಅದನ್ನ ನಾನು ಪುಕ್ಕಟೆ ಮಾಡ್ತೀನಿ."

ಯವೋರ್ ಪ್ರತಿ ಶನಿವಾರ ಬರತೊಡಗಿದ. ಚೀಸ್ ತುಂಬಿ ಬೇಯಿಸಿದ ಬಿಸಿ ಬಿಸಿ ಬಾನಿತ್ಸಾ ತರುತ್ತಿದ್ದ. ಒಂದೊಂದು ಅಲ್ಪವಿರಾಮಕ್ಕೂ ಜಗಳ, ಆಮೇಲೆ ಕಾಫಿ. ಶನಿವಾರ ಯಾಕಿಷ್ಟು ನಿಧಾನವಾಗಿ ಬರುತ್ತೆ ಎಂದು ಅವಳಿಗೆ ಅನ್ನಿಸಲು ಶುರುವಾಯಿತು!

ಒಂದು ದಿನ ಧೈರ್ಯ ಮಾಡಿ ತನ್ನ ಕಾದಂಬರಿಯನ್ನು ಅವನ ಕೈಗಿಟ್ಟಳು.

ಮುಂದಿನ ವಾರ ಅವನ ಮುಖದಲ್ಲಿ ನಗುವಿರಲಿಲ್ಲ. "ಕೊನೆವರೆಗೂ ಅದ್ಭುತ... ಕೊನೆ ಮಾತ್ರ ಸುಳ್ಳು. ನಿಮ್ಮ ನಾಯಕಿ ಒಂದು ಮಾತೂ ಹೇಳದೆ ರೈಲು ಹತ್ತಿಬಿಡ್ತಾಳೆ. ಹೆದರಿದ್ದು ಅವಳಲ್ಲ, ನೀವು."

ರಲಿತ್ಸಾ ಕಾಗದದ ಕಟ್ಟನ್ನು ಅವನ ಕೈಯಿಂದ ಕಸಿದುಕೊಂಡಳು. "ಅಧ್ಯಾಯ ಕಿತ್ತಿದ್ದಕ್ಕೆ ಸೇಡು ತೀರಿಸಿಕೊಳ್ತಿದ್ದೀರಾ?"

"ಸೇಡಾ? ರಲಿತ್ಸಾ..."

ಅವಳು ಆಗಲೇ ಎದ್ದು ಹೊರಟಿದ್ದಳು. ಅವನ ಫೋನನ್ನೂ ಎತ್ತಲಿಲ್ಲ.

ಅದೇ ವಾರ ರಾಜಧಾನಿ ಸೋಫಿಯಾದ ದೊಡ್ಡ ಪ್ರಕಾಶನದಿಂದ ಕರೆ. ಕಾಯಂ ಕೆಲಸ! ಆದರೆ ಬೆಳಗಿನಿಂದ ಸಂಜೆವರೆಗೂ ಪರರ ಪುಸ್ತಕಗಳೇ. ಅಮ್ಮನಿಗೆ ಹಿಗ್ಗೋ ಹಿಗ್ಗು. ರಲಿತ್ಸಾ ಪೆಟ್ಟಿಗೆಗೆ ಬಟ್ಟೆ ತುಂಬಿದಳು. ಸ್ವೆಟರ್ ಮಡಚುತ್ತಿದ್ದ ಕೈ ತಟ್ಟನೆ ನಿಂತಿತು.

'ಅಯ್ಯೋ... ನಾನೂ ಏನೂ ಹೇಳದೆ ರೈಲು ಹತ್ತೋಕೆ ಹೊರಟಿದ್ದೀನಲ್ಲ!'

ಕೆಲಸ ಬೇಡವೆಂದಳು. ಅಮ್ಮ ಎರಡು ದಿನ ಮಾತು ಬಿಟ್ಟಳು. ರಲಿತ್ಸಾ ಕೊನೆಯ ಅಧ್ಯಾಯ ಹರಿದು ಹಾಕಿ ಮತ್ತೆ ಬರೆದಳು. ಚಳಿಗಾಲ ಕಳೆಯುವಷ್ಟರಲ್ಲಿ ಒಂದು ಪುಟ್ಟ ಪ್ರಕಾಶನ ಅದನ್ನು ಒಪ್ಪಿಕೊಂಡಿತು! ಸುದ್ದಿ ಮೊದಲು ಹೇಳಬೇಕಾದವನೊಬ್ಬನೇ... ಆದರೆ ಯಾವ ಮುಖ ಹೊತ್ತು ಹೋಗುವುದು?

ಆಗಲೇ ದವಡೆ ಹಲ್ಲು ನೋಯತೊಡಗಿತು.

"ಊರಲ್ಲಿ ಬೇರೆ ಡಾಕ್ಟರು ಇರ್ಲಿಲ್ವಾ?" ಯವೋರ್ ಕೈಗವಸು ಹಾಕಿಕೊಳ್ಳುತ್ತಾ ಕೇಳಿದ.

"ಇದ್ರು... ಆದ್ರೆ ನೋಯ್ತಿರೋದು ಹಲ್ಲೊಂದೇ ಅಲ್ಲ."

ಅವನು ದೀಪವನ್ನು ಅವಳತ್ತ ತಿರುಗಿಸಿದ. "ಬಾಯಿ ತೆರೀರಿ." ಕೆನ್ನೆಯೊಳಗೆ ಹತ್ತಿ ಇಟ್ಟ.

"ಈಗ ನೀವು ಜಗಳ ಆಡೋಕಾಗಲ್ಲ. ಅದಕ್ಕೇ ಹೇಳಿಬಿಡ್ತೀನಿ. ಅದು ಸೇಡಲ್ಲ ರಲಿತ್ಸಾ. ಆ ನಾಯಕಿಯಲ್ಲಿ ನನಗೆ ನೀವೇ ಕಂಡ್ರಿ. ಅವಳು ರೈಲು ಹತ್ತಿದಾಗ ನೀವೇ ಹೋದಷ್ಟು ಸಂಕಟ ಆಯ್ತು... ನಿಮ್ಮನ್ನ ಪ್ರೀತಿಸ್ತೀನಿ."

"ಆಆ... ಅಊ..."

"ಏನಂದ್ರಿ?" ಗಾಬರಿಯಿಂದ ಹತ್ತಿ ತೆಗೆದ.

"ಅವಳು ರೈಲು ಹತ್ತಲಿಲ್ಲ ಅಂದೆ! ಕೊನೆ ಬದಲಾಯಿಸಿದೆ. ಪುಸ್ತಕ ಅಚ್ಚಾಗ್ತಿದೆ. ನಾನೂ ಎಲ್ಲೂ ಹೋಗ್ತಿಲ್ಲ, ಯವೋರ್..."

"ಅಂದ್ರೆ... ಒಪ್ಪಿಗೆ ಅಂತ ತಿಳ್ಕೊಳ್ಳಲಾ?"

"ಎಂಥ ಪೆದ್ದ ನೀನು!"

ಅವನ ಕಣ್ಣು ಅರಳಿತು. "ಇನ್ನೊಂದ್ಸಲ 'ನೀನು' ಅನ್ನು..."

ನೋವಿನಲ್ಲೂ ಅವಳು ನಕ್ಕಳು. "ಮೊದಲು ಹಲ್ಲು ನೋಡು. ಆಮೇಲೆ ಜೀವನಪೂರ್ತಿ ಅಂತೀನಿ."