ಎರಡು ಮೆಗಾಹರ್ಟ್ಸ್

ಶಿರಸಿಯ ಆ ಕಾಲೇಜಿನ ಭೌತಶಾಸ್ತ್ರ ವಿಭಾಗದ ಇತಿಹಾಸದಲ್ಲಿ ಚಪ್ಪಲಿಯ ಪ್ರಶ್ನೆಯಷ್ಟು ಗುರುತರವಾದದ್ದು ಮತ್ತೊಂದಿಲ್ಲ. ಧೂಳು ಲೇಸರಿನ ಕನ್ನಡಿಯ ಮೇಲೆ ಕೂರಬಾರದೆಂದು ಪ್ರಯೋಗಾಲಯಕ್ಕೆ ಬರಿಗಾಲಲ್ಲೇ ಹೋಗಬೇಕು. ಪ್ರಿನ್ಸಿಪಾಲರೂ ಹೋಗಿದ್ದಾರೆ, ಅವರು ಬಾಗಿಲಲ್ಲಿ ಕಳಚಿಟ್ಟ ಹರಕು ಸಾಕ್ಸನ್ನು ಅಟೆಂಡರ್ ಗಂಗೆ ನೋಡಿಯೂ ಇದ್ದಾಳೆ. ಈ ಕಾನೂನನ್ನು ಮುರಿದವನು ಕಾನೂನು ಮಾಡಿದವನೇ: ಉಲ್ಲಾಸ, ನಂದೊಳ್ಳಿಯವನು, ಮೂವತ್ತೆರಡು ವರ್ಷದ ಲೆಕ್ಚರರ್.

ಮುರಿದದ್ದು ವೇದಾಳಿಗಾಗಿ. ಸಿದ್ದಾಪುರದ ವೇದಾ ಅವನ ಪ್ರಾಜೆಕ್ಟಿಗೆ ಸಹಾಯಕಿಯಾಗಿ ಬಂದ ಡಿಸೆಂಬರಿನಲ್ಲಿ ಸಿಮೆಂಟು ನೆಲ ಮಂಜುಗಡ್ಡೆಯಂತಿತ್ತು.

"ಸರ್, ಕಾಲು ಮರಗಟ್ಟೋತು. ರುಬಿಡಿಯಂಗಾದ್ರೆ ಹೀಟರ್ ಇದ್ದು. ಎಂಗೆ ಎಂತ ಇದ್ದು?"

ಮರುದಿನ ಬಸ್ ಸ್ಟ್ಯಾಂಡಿನ ಎದುರಿನ ಅಂಗಡಿಯಿಂದ ದಪ್ಪ ಸ್ಪಂಜಿನ ನೀಲಿ ಚಪ್ಪಲಿ ಬಂತು. "ಒಳಗಷ್ಟೇ ಹಾಕ್ಯಳವು," ಎಂದ ಉಲ್ಲಾಸ, ಗೋಡೆಯ ಕ್ಯಾಲೆಂಡರ್ ನೋಡುತ್ತ. ಅಳತೆ ಸರಿಯಾಗಿತ್ತು. ಅವಳ ಪಾದದ ಅಳತೆ ಅವನಿಗೆ ಹೇಗೆ ಗೊತ್ತಾಯಿತೆಂದು ವೇದಾ ಕೇಳಲಿಲ್ಲ. ಅವನನ್ನೇ ಒಂದು ಗಳಿಗೆ ಹೆಚ್ಚು ನೋಡಿದಳು. ಅವನ ಕಿವಿ ಕೆಂಪಾಯಿತು.

ಅವರ ಕೆಲಸ ಇಷ್ಟು. ಗಾಜಿನ ಕೋಶದೊಳಗಿನ ರುಬಿಡಿಯಂ ಪರಮಾಣುವಿನ ಹೊರಗಿನ ಒಂಟಿ ಎಲೆಕ್ಟ್ರಾನನ್ನು ಎರಡು ಲೇಸರುಗಳಿಂದ ಎತ್ತಿ, ಬಿಟ್ಟುಹೋಗಲು ಇನ್ನು ಕೂದಲೆಳೆಯಷ್ಟೇ ಬಾಕಿ ಎನ್ನುವಷ್ಟು ಎತ್ತರದಲ್ಲಿ ಕೂರಿಸುವುದು. ಆ ಎತ್ತರವನ್ನು ಆದಷ್ಟು ನಿಖರವಾಗಿ ಅಳೆಯುವುದು. ಅಲ್ಲಿ ಕೂತ ಪರಮಾಣು ಬಲೂನಿನಂತೆ ಉಬ್ಬಿರುತ್ತದೆ. ಹತ್ತಿರದಲ್ಲಿ ಸ್ವಲ್ಪ ವಿದ್ಯುತ್ತು ಸುಳಿದರೂ ಸಾಕು, ಪರದೆಯ ಮೇಲೆ ಆ ಎತ್ತರವನ್ನು ತೋರಿಸುವ ಗೆರೆಯ ಶಿಖರ ಜಾರುತ್ತದೆ.

ಜನವರಿಯಲ್ಲಿ ಶಿಖರ ಜಾರತೊಡಗಿತು. ವೇದಾ ಊಟಕ್ಕೆ ಹೋದರೆ ಸ್ವಸ್ಥಾನಕ್ಕೆ ಬರುತ್ತಿತ್ತು. ಅವಳು ಬಂದು ಪಕ್ಕದಲ್ಲಿ ನಿಂತರೆ ಎರಡು ಮೆಗಾಹರ್ಟ್ಸ್ ಆಚೆ. ತನ್ನ ಎದೆಯೂ ಹಾಗೇ ಮಾಡುತ್ತದೆಂದು ಉಲ್ಲಾಸನಿಗೆ ಗೊತ್ತಿತ್ತು. ಆದರೆ ಪ್ರಬಂಧಕ್ಕೆ ಬೇಕಾದದ್ದು ಎದೆಯಲ್ಲ.

ಒಂದು ಶುಕ್ರವಾರ ವೇದಾ ಸ್ವೆಟರಿನ ತೋಳೆಳೆಯುತ್ತ, "ಭಾನುವಾರ ಎನ್ನ ನೋಡ್ಲೆ ಬತ್ತ ಸರ್. ಯಲ್ಲಾಪುರದವು," ಎಂದಳು. "ಆನು ಎಂತ ಹೇಳವು?"

ಉಲ್ಲಾಸ ಬಾಯಿ ತೆರೆದ. ಅಷ್ಟರಲ್ಲಿ ಶಿಖರ ಜಾರಿತು. "ತಡಿ, ಇದೊಂದು ಬರಕತ್ತೆ," ಎಂದು ನೋಟ್‌ಬುಕ್ಕಿಗೆ ಬಾಗಿದ. ಅವನು ಬಾಯಲ್ಲಿ ಹೇಳಲಾಗದ್ದನ್ನೆಲ್ಲ ಅದರಲ್ಲಿ ಬರೆಯುತ್ತಾನೆಂದು ಬಲ್ಲ ವೇದಾ, ಆಸೆಯಿಂದ ಭುಜದ ಮೇಲಿನಿಂದ ಇಣುಕಿದಳು.

"ವೇದಾ ಕೋಣೆಯಲ್ಲಿದ್ದರೆ ಎರಡು ಮೆಗಾಹರ್ಟ್ಸ್ ದೋಷ. ಕಾರಣ ತಿಳಿಯದು. ಪರಿಹಾರ: ವೇದಾಳನ್ನು ಹೊರಗಿಡುವುದು."

ಅವಳು ಎರಡು ಸಲ ಓದಿದಳು.

"ಪರಿಹಾರ ಚಲೋ ಇದ್ದು. ಅಪ್ಪಂಗೂ ಇದೇ ಹೊಳದ್ದು."

"ಹಾಂಗಲ್ಲ ವೇದಾ, ಇದು ಬರೀ ಪ್ರಯೋಗಕ್ಕೆ..."

"ಗೊತ್ತಾತು ಸರ್." ನೀಲಿ ಚಪ್ಪಲಿಯನ್ನು ಮೇಜಿನಡಿ ಜೋಡಿಸಿಟ್ಟು ಬರಿಗಾಲಲ್ಲಿ ಬಾಗಿಲವರೆಗೆ ಹೋದಳು. ಆ ಹತ್ತು ಹೆಜ್ಜೆಯಲ್ಲೇ ಶಿಖರ ಸ್ವಸ್ಥಾನಕ್ಕೆ ಬಂದಿತ್ತು. ಅವನು ಪರದೆ ನೋಡುತ್ತಿರಲಿಲ್ಲ. ಜೀವಮಾನದಲ್ಲಿ ಅದೊಂದೇ ಸಲ.

ಆಮೇಲೆ ಮೂರು ವಾರ ಶಿಖರ ಕದಲಲಿಲ್ಲ. ಅಂಥ ಸೊಗಸಾದ ಅಂಕಿಗಳನ್ನು ಅವನು ಯಾವತ್ತೂ ಕಂಡಿರಲಿಲ್ಲ, ಆದರೂ ಊಟ ಸೇರುತ್ತಿರಲಿಲ್ಲ.

"ಈ ಚಪ್ಪಲಿ ಎಂತ ಮಾಡೋದು ಸರ್ರಾ? ಆ ಹುಡುಗಿ ಬರೋದಿಲ್ಲ ಅಂತ ಕಾಣ್ತದೆ," ಎಂದಳು ಗಂಗೆ, ಕಸಬರಿಗೆಯಿಂದ ಅದನ್ನು ಈಚೆ ಎಳೆದು.

"ಅಲ್ಲೇ ಇರಲಿ."

ಅವಳು ಹೋದ ಮೇಲೆ ಉಲ್ಲಾಸ ಅದರೊಳಗೆ ಕಾಲು ತೂರಿಸಿದ. ಹಿಮ್ಮಡಿ ಹೊರಗುಳಿಯಿತು. ಕಣ್ಣೊರೆಸಲು ಸ್ವೆಟರಿನ ತೋಳೆಳೆದುಕೊಂಡ. ಶಿಖರ ಎರಡು ಮೆಗಾಹರ್ಟ್ಸ್ ಜಾರಿತು.

ಚಪ್ಪಲಿ ಕಳಚಿದ, ಶಿಖರ ಮರಳಿತು. ಬರಿಗಾಲಿದ್ದವರ ಮೈಯ ವಿದ್ಯುತ್ತು ನೆಲಕ್ಕಿಳಿದುಹೋಗುತ್ತದೆ. ಸ್ಪಂಜಿನ ಮೇಲೆ ನಿಂತವರಲ್ಲಿ, ಸ್ವೆಟರಿನ ತಿಕ್ಕಾಟದಿಂದ ಹುಟ್ಟಿದ್ದು ಹಾಗೇ ಉಳಿಯುತ್ತದೆ. ದೋಷ ವೇದಾಳದ್ದಲ್ಲ, ಅವನ ಉಡುಗೊರೆಯದ್ದು.

ಬೇರೆ ಯಾರಾದರೂ ಆ ಕ್ಷಣವೇ ಸಿದ್ದಾಪುರದ ಬಸ್ ಹಿಡಿಯುತ್ತಿದ್ದರು. ಉಲ್ಲಾಸ ಒಂದೇ ಅಳತೆಯನ್ನು ನಂಬುವವನಲ್ಲ. ನಾಲ್ಕು ದಿನ ಕೂತು, ನಲವತ್ತು ಸಲ ಹಾಕಿ ಕಳಚಿ, ಸರಾಸರಿ ತೆಗೆದು, ಐದನೆಯ ದಿನ ಚಪ್ಪಲಿಯನ್ನು ಪೇಪರಿನಲ್ಲಿ ಸುತ್ತಿಕೊಂಡು ಹೊರಟ.

ವೇದಾ ಜಗಲಿಗೆ ಬಂದಳು. ಬೆರಳಲ್ಲಿ ಹೊಸ ಉಂಗುರವಿತ್ತು.

"ದೋಷ ನಿಂದಲ್ಲ. ಆನು ತಂದ ಚಪ್ಪಲಿದು," ಎಂದ. ಮತ್ತೆ, ಬರೆಯದೇ, ಬಾಯಲ್ಲೇ ಹೇಳಿದ: "ನೀನಿಲ್ದೆ ಅಲ್ಲಿ ಕೂರ್ಲೆ ಆಗ್ತಿಲ್ಲೆ, ವೇದಾ."

ಅವಳು ಪೊಟ್ಟಣ ಬಿಚ್ಚಿ ನೋಡಿದಳು. "ಎಷ್ಟು ಸಲ ಅಳದ್ದಿ?"

"ನಲವತ್ತು."

"ಯಾವತ್ತು ಗೊತ್ತಾತು?"

"ಸೋಮವಾರ."

"ಎಂಗ್ಳಲ್ಲಿ ಮದುವೆ ಮಾತಾದ್ದು ಬುಧವಾರ." ನಕ್ಕಳು, ನಗು ಅರ್ಧಕ್ಕೆ ನಿಂತಿತು. "ಒಂದು ಸಲ ಸಾಕಿತ್ತು ಸರ್."

ಒಳಗಿನಿಂದ ಯಾರೋ ಚಾ ಆಯಿತೆಂದು ಕರೆದರು. ಅವನು ಚಾ ಕುಡಿದ. ಚಪ್ಪಲಿಯನ್ನು ಅವಳು ಇಟ್ಟುಕೊಂಡಳು.

ಪ್ರಬಂಧ ಮಾರ್ಚಿನಲ್ಲಿ ಸ್ವೀಕೃತವಾಯಿತು. ಏಪ್ರಿಲಿನಲ್ಲಿ ವೇದಾ ಯಲ್ಲಾಪುರದ ಮನೋಹರನನ್ನು ಮದುವೆಯಾದಳು.