ಕೊಕ್ಕರೆಯಾದ ತಾಯಿ ಮತ್ತು ಹನ್ನೆರಡನೇ ಗರಿ

ಬಹಳ ಕಾಲದ ಹಿಂದೆ, ತಾಳೆಗಿರಿ ಎಂಬ ರಾಜ್ಯದಲ್ಲಿ ಸಾವಿರ ಕೋಣೆಗಳ ಒಂದು ಗ್ರಂಥಭಂಡಾರವಿತ್ತು. ಲೋಕದ ಪ್ರಶ್ನೆಗಳಿಗೆಲ್ಲ ಉತ್ತರ ಅಲ್ಲಿನ ತಾಳೆಗರಿಗಳಲ್ಲಿತ್ತು. ಹುಡುಕುವ ಬಗೆ ಮಾತ್ರ ಯಾರಿಗೂ ತಿಳಿಯದು, ಏಕೆಂದರೆ ಭಂಡಾರದ ಒಡೆಯ ಧೂಮಕೇತು ದೊಡ್ಡ ಮಾಂತ್ರಿಕ. ಕೇಳಿದವರಿಗೆ ಬಾಯಲ್ಲೇ ಉತ್ತರ ಹೇಳುತ್ತಿದ್ದ, ಗರಿ ತೋರಿಸುತ್ತಿರಲಿಲ್ಲ.

ಒಂದು ದಿನ ಬುಟ್ಟಿ ಹೆಣೆಯುವ ಹೆಂಗಸೊಬ್ಬಳು ದಾರಿಗೆ ಅಡ್ಡ ಬಂದಳೆಂದು ಅವನು ಸಿಟ್ಟಾಗಿ ಅವಳನ್ನು ಕೊಕ್ಕರೆ ಮಾಡಿದ. "ಮೂರನೇ ಸಂಜೆಗೆ ನಿನ್ನ ಮಗನನ್ನೂ ಮರೆತು ಹಾರಿಹೋಗು!" ಎಂದ. ಮಗ ಕೆಂಚ ಅಳುತ್ತಾ ಭಂಡಾರದ ಬಾಗಿಲಿಗೆ ಬಂದ. ಕೊಕ್ಕರೆ ಅವನ ಹೆಗಲ ಮೇಲೆ ಕುಳಿತಿತ್ತು.

ಬಾಗಿಲಲ್ಲಿ ಆನೆಯ ಸೊಂಡಿಲು, ಸಿಂಹದ ಮೈ ಇರುವ ಯಾಳಿಯೊಂದು ಮಲಗಿತ್ತು. "ಏನ್ ಬೇಕು?" ಎಂದಿತು.

"ಮದ್ದು!" ಎಂದ ಕೆಂಚ.

ಯಾಳಿ ಸೊಂಡಿಲು ಆಡಿಸಿತು. ತಾಳೆಗರಿಯ ನಾಲ್ಕು ಸಾವಿರ ಕಟ್ಟುಗಳು ದಬದಬನೆ ಅವನ ಮೇಲೆ ಬಿದ್ದವು. ಅವನನ್ನು ಕಾಲು ಹಿಡಿದು ಎಳೆದವಳು ದೇವೀರಿ. ಮಾಂತ್ರಿಕನ ಕಣ್ಣು ತಪ್ಪಿಸಿ ಅಲ್ಲಿ ಎರಡು ವರ್ಷದಿಂದ ಓದುತ್ತಿದ್ದ ಹುಡುಗಿ.

"ಅಕ್ಕಾ, ನನ್ನವ್ವನ ಮದ್ದು ಯಾವುದು, ಹೇಳಕ್ಕಾ!"

"ನಾನು ಹೇಳಿದ್ರೆ ಇವತ್ತಿಗಾಯ್ತು, ನಾಳೆಗೆ? ಸರಿಯಾಗಿ ಕೇಳೋದು ಕಲಿ ತಮ್ಮಾ. ಯಾರಿಗೆ ಮದ್ದು? ಏನಾಗಿದ್ದಾರೆ?"

ಕೆಂಚ ಯೋಚಿಸಿದ. ಯಾಳಿಯ ಕಡೆ ತಿರುಗಿ, "ಮಾಟದಿಂದ ಕೊಕ್ಕರೆಯಾದ ಮನುಷ್ಯರು ಮತ್ತೆ ಮನುಷ್ಯರಾಗೋದು ಹೇಗೆ?" ಎಂದ. ಈ ಸಲ ಉರುಳಿದ್ದು ಮೂರೇ ಕಟ್ಟು.

ಎರಡನೆಯ ದಿನ ಕೊಕ್ಕರೆ ಹೆಗಲಿಗೆ ಬರಲಿಲ್ಲ, ಮಾರು ದೂರದಲ್ಲಿ ನಿಂತಿತು. ಒಳಗೆ ಆ ಮೂರು ಕಟ್ಟುಗಳನ್ನು ಹಾವೊಂದು ಸುತ್ತಿಕೊಂಡಿತ್ತು. "ಚಿನ್ನದ ಅಂಚಿನದ್ದೇ ನಿಜವಾದದ್ದು, ತಗೋ" ಎಂದು ಬುಸುಗುಟ್ಟಿತು. ಕೆಂಚ ಕೈ ಚಾಚಿದ.

"ಮೊದಲು ಕೊನೇ ಗರಿ ನೋಡು," ಎಂದಳು ದೇವೀರಿ. "ಬರೆದವರು ಯಾರು, ಯಾವುದನ್ನ ನೋಡಿ ಬರೆದರು ಅನ್ನೋದು ಅಲ್ಲಿರುತ್ತೆ."

ಎರಡು ಕಟ್ಟುಗಳ ಕೊನೆಯಲ್ಲಿ ಗುರುಗಳ ಹೆಸರು, ಊರು, ಮೂಲಗ್ರಂಥ ಎಲ್ಲವೂ ಇದ್ದವು. ಚಿನ್ನದ ಕಟ್ಟಿನಲ್ಲಿ ಮಾತ್ರ, "ಬರೆದವನೂ ನಾನೇ, ಕಂಡವನೂ ನಾನೇ, ಮೆಚ್ಚಿದವನೂ ನಾನೇ, ಧೂಮಕೇತು" ಎಂದಿತ್ತು. ಕೆಂಚ ಅದನ್ನು ಹಾವಿಗೇ ಬಿಟ್ಟು ಉಳಿದೆರಡನ್ನು ಎತ್ತಿಕೊಂಡ.

ಮೂರನೆಯ ದಿನ ಕೊಕ್ಕರೆ ಮರದ ತುದಿಯಲ್ಲಿತ್ತು. ಕೂಗಿದರೂ ತಿರುಗಲಿಲ್ಲ.

ಕಂಬಗಳ ಹಜಾರದಲ್ಲಿ ಇಬ್ಬರೂ ಕಟ್ಟು ಬಿಚ್ಚಿದರು. ಒಂದರಲ್ಲಿ "ತುಂಬೆಯ ರಸ ಹಚ್ಚು" ಎಂದಿತ್ತು. ಇನ್ನೊಂದರಲ್ಲಿ "ತುಂಬೆಯ ರಸ ಹಚ್ಚಬಾರದು, ಹಚ್ಚಿದರೆ ಎಂದೆಂದಿಗೂ ಹಕ್ಕಿಯೇ" ಎಂದಿತ್ತು.

"ಯಾವುದಕ್ಕಾ ಸರಿ? ಹೊತ್ತು ಮುಳುಗ್ತಾ ಇದೆ!"

ದೇವೀರಿಯ ಮುಖ ಸಣ್ಣದಾಯಿತು. ಎರಡು ವರ್ಷ ಓದಿದವಳು, ಕಿರಿಯನ ಮುಂದೆ ಏನು ಹೇಳುವುದು? ಏನಾದರೊಂದು ಹೇಳಿಬಿಡೋಣ ಎಂದು ನಾಲಗೆ ತುರಿಸಿತು. ಆದರೂ "ನಂಗೂ ಗೊತ್ತಿಲ್ಲ ತಮ್ಮಾ" ಎಂದಳು.

ಆ ಮಾತನ್ನು ಆ ಹಜಾರದಲ್ಲಿ ಅದುವರೆಗೆ ಯಾರೂ ಆಡಿರಲಿಲ್ಲ. ಕಂಬಗಳು ಚಟಚಟನೆ ಬಿರಿದವು. ಒಂದೊಂದರಿಂದಲೂ ಒಬ್ಬೊಬ್ಬ ವಿದ್ಯಾರ್ಥಿ ಮೈಮುರಿಯುತ್ತಾ ಹೊರಬಂದ. ಅಲ್ಲಿ ಗೊತ್ತಿಲ್ಲದ್ದನ್ನು ಗೊತ್ತು ಎಂದವರು ಕಲ್ಲಾಗಲಿ, ಯಾರಾದರೂ 'ಗೊತ್ತಿಲ್ಲ' ಎನ್ನುವವರೆಗೂ ಹಾಗೇ ಇರಲಿ ಎಂದು ಧೂಮಕೇತು ಮಾಟ ಇಟ್ಟಿದ್ದನಂತೆ. ಪಾಪ, ನಾಚಿಕೆಗೆ ಸಿಕ್ಕಿ ಕಲ್ಲಾದವರೇ ಎಲ್ಲರೂ.

ಸದ್ದು ಕೇಳಿ ಧೂಮಕೇತು ಕೆಂಡವಾಗಿ ಬಂದ. ಕೆಂಚ ಕೈಮುಗಿದು, "ಸ್ವಾಮಿ, ಇವೆರಡರಲ್ಲಿ ಯಾವುದು ಸರಿ, ತಮಗೆ ಗೊತ್ತಾ?" ಎಂದು ನಿಜವಾಗಿಯೇ ಕೇಳಿದ.

"ನನಗೆ ಗೊತ್ತಿಲ್ಲದ್ದು ಏನಿದೆಯೋ!" ಎಂದ ಮಾಂತ್ರಿಕ ಅಭ್ಯಾಸಬಲದಿಂದ. ಅಷ್ಟೇ. ಎತ್ತಿದ ಕೈ ಎತ್ತಿದಂತೆಯೇ ಕಲ್ಲಾದ.

ಆದರೆ ಕೊಕ್ಕರೆ ಕೊಕ್ಕರೆಯಾಗಿಯೇ ಇತ್ತು. ದೇವೀರಿ ಕೇಳಿದಳು: "ಬುಟ್ಟಿ ಹೆಣೆಯುವಾಗ ಹೆಣಿಗೆ ತಪ್ಪಿದ್ರೆ ಏನ್ ಮಾಡ್ತೀಯ?"

"ಬಿದಿರಿನ ಸೀಳು ಎಣಿಸ್ತೀನಿ."

"ಹಾಗಾದ್ರೆ ಗರಿ ಎಣಿಸು."

ಕೆಂಚ ಎಣಿಸಿದ. 'ಹಚ್ಚಬಾರದು' ಎಂದ ಕಟ್ಟಿನಲ್ಲಿ ಹನ್ನೊಂದರ ನಂತರ ಹದಿಮೂರು! ಯಾರೋ ದಾರ ಪೋಣಿಸುವಾಗ ಹನ್ನೆರಡನೇ ಗರಿಯನ್ನು ಬೇರೆ ಯಾವುದೋ ಕಟ್ಟಿಗೆ ಸೇರಿಸಿದ್ದರು. ಎಲ್ಲರೂ ಕೂಡಿ ಹುಡುಕಿ ತೆಗೆದರು. ಸಾಲಾಗಿ ಇಟ್ಟು ಓದಿದಾಗ, "ತುಂಬೆಯ ರಸ ಕೊಕ್ಕಿಗೆ ಮೂರು ಹನಿ ಬಿಡು, ರೆಕ್ಕೆಯ ಗರಿಗಳಿಗೆ ಮಾತ್ರ ಹಚ್ಚಬಾರದು" ಎಂದಾಯಿತು.

ಕೆಂಚ ತುಂಬೆಯ ರಸ ಹಿಂಡಿಕೊಂಡು ಮರ ಹತ್ತಿದ. ಕೊಕ್ಕರೆ ರೆಕ್ಕೆ ಬಿಚ್ಚುವ ಹೊತ್ತಿಗೆ ಮೂರು ಹನಿ ಬಿಟ್ಟ. ಕೊಂಬೆಯ ಮೇಲೆ ತಾಯಿ ಕುಳಿತಿದ್ದಳು! "ಅಯ್ಯೋ ಮಗಾ, ಇಷ್ಟೆತ್ತರ ಯಾಕೆ ಹತ್ತಿದೆ?" ಎಂದು ಅವನನ್ನೇ ಬೈದಳು. ಕೆಂಚ ಅವಳನ್ನು ತಬ್ಬಿಕೊಂಡು ಬಿಕ್ಕಿಬಿಕ್ಕಿ ಅತ್ತ.

ಕೆಳಗಿಳಿದ ಮೇಲೆ ತಾಯಿ ಆ ಗರಿಯನ್ನು ತಿರುಗಿಸಿ ತಿರುಗಿಸಿ ನೋಡಿದಳು. "ನನ್ನ ಉಳಿಸಿದ್ದು ಇದಾ? ಇದ್ರಲ್ಲಿ ಏನ್ ಬರ್ದವ್ರೆ?"

ಕೆಂಚ ಓದಿ ಹೇಳಲು ಬಾಯಿ ತೆರೆದ. ಮತ್ತೆ ಮುಚ್ಚಿಕೊಂಡ. ಅವಳ ಪಕ್ಕದಲ್ಲಿ ಕುಳಿತು, ಅವಳ ಬೆರಳು ಹಿಡಿದು ಮೊದಲ ಅಕ್ಷರದ ಮೇಲಿಟ್ಟ.

ಆಮೇಲೆ ತಾಳೆಗಿರಿಯಲ್ಲಿ ಎಲ್ಲರೂ ಸುಖವಾಗಿದ್ದರು. ತಾಯಿಗೆ ಮಾತ್ರ ಒತ್ತಕ್ಷರಗಳು ಸ್ವಲ್ಪ ದಿನ ಕಾಟ ಕೊಟ್ಟವು.