ನಾಯಕರ ಡೈರಿಯ ಒಂದು ಪುಟ

ತೀರಿಕೊಂಡ ನಾಯಕರ ಖಾಸಗಿ ಡೈರಿಗಳನ್ನು ಸಾರ್ವಜನಿಕರು ಓದಬಹುದೆಂದು ನ್ಯಾಯಾಲಯ ತೀರ್ಪಿತ್ತ ವಾರವೇ ನಾನು ದಾಖಲೆಗಳ ಕೋಣೆಗೆ ಹೋದೆ. ನಲವತ್ತು ವರ್ಷಗಳ ಹಿಂದೆ ಮನವಿಪತ್ರ ಹಿಡಿದು ಅವರ ಮನೆಗೆ ಹೋಗಿದ್ದ ನನ್ನ ಅಣ್ಣ ಹಿಂತಿರುಗಿರಲಿಲ್ಲ. ಆ ದಿನದ ಪುಟ ನನಗೆ ಬೇಕಿತ್ತು.

"ಸತ್ತವರ ಜೇಬು ತಡಕೋಕೆ ಬಂದ್ರಾ ಅಜ್ಜ? ಪೆನ್ನು ಇಲ್ಲಿಡಿ. ಒಳಗೆ ಪೆನ್ಸಿಲ್ ಮಾತ್ರ," ಎಂದಳು ಮೇಲ್ವಿಚಾರಕಿ.

"ಜೇಬಲ್ಲಮ್ಮ, ನಮ್ಮಣ್ಣನ್ನ ಹುಡುಕ್ತಿದ್ದೀನಿ."

ನಡುಮಧ್ಯಾಹ್ನ. ಯಾರೋ ಈಗಷ್ಟೇ ಅಂಗೈ ಎತ್ತಿದಂತೆ ಪುಟ ಬೆಚ್ಚಗಿತ್ತು. ಅದರಲ್ಲಿದ್ದದ್ದು ಒಂದೇ ವಾಕ್ಯ, ನಾಲ್ಕು ಸಾಲುಗಳಲ್ಲಿ ನಾಲ್ಕು ಸಲ: 'ಇಂದು ಯಾರೂ ಬರಲಿಲ್ಲ.' ಜೆರಾಕ್ಸ್ ಮಾಡಿಸಿಕೊಂಡು ಮರಳಿ ಕುಳಿತೆ. ಪ್ರತಿಯಲ್ಲಿ ನಾಲ್ಕೇ ಸಾಲುಗಳಿದ್ದವು, ಡೈರಿಯಲ್ಲಿ ಐದು. ಮುಟ್ಟಿದೆ. ಐದನೆಯದರ ಶಾಯಿ ಬೆರಳಿಗೆ ಹತ್ತಿತು.

"ಈ ವಯಸ್ಸಲ್ಲಿ ಇದೇನ್ರೀ ಬುದ್ಧಿ? ಏಳಿ ಮೇಲೆ!"

ನನ್ನ ಬೆರಳಿನ ಶಾಯಿ ಕಂಡ ಮೇಲ್ವಿಚಾರಕಿ ಪ್ರವೇಶಪತ್ರ ಕಿತ್ತುಕೊಂಡು, ಪೆನ್ನಿಗಾಗಿ ಜೇಬುಗಳನ್ನೆಲ್ಲ ಬರಿದು ಮಾಡಿಸಿದಳು. ಸಿಕ್ಕಿದ್ದು ಕನ್ನಡಕದ ಡಬ್ಬಿ ಮತ್ತು ಮೊಂಡು ಪೆನ್ಸಿಲ್.

ಪ್ರವೇಶಪತ್ರ ಇಂದಿಗೂ ಹಿಂತಿರುಗಿಲ್ಲ. ದಾಖಲೆಗಳ ಕೋಣೆಯವರು ಡೈರಿಯನ್ನು ತೋರಿಸಿದ ಕೈಬರಹ ತಜ್ಞರ ವರದಿ ಮಾತ್ರ ಅಂಚೆಯಲ್ಲಿ ಬಂತು. ಐದೂ ಸಾಲುಗಳು ನಾಯಕರದೇ ಕೈಬರಹವಂತೆ. ಐದನೆಯದನ್ನು ಬರೆಯುವಾಗ ಕೈ ನಡುಗಿದೆಯಂತೆ.